ಮೂವತ್ತು ಗಂಟೆ ಎಲ್ಲಿ ಹೋಗುತ್ತದೆ? ಪದವಿ ಕಾಲೇಜಿನಲ್ಲಿ ನೃತ್ಯ, ಫಿಟ್ನೆಸ್, ಕಾರ್ಯಾನುಭವ

ಮೊದಲು ಲೆಕ್ಕ ಮುಗಿಸಿಬಿಡೋಣ. ತರಗತಿಯಲ್ಲಿ ಕೂತು ಕೇಳುವ ಪಾಠಕ್ಕೆ ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರಿಗೆ 15 ಗಂಟೆ. ಕೈಯಿಂದ, ಮೈಯಿಂದ ಮಾಡುವ ಕೋರ್ಸಿಗೆ ಅದೇ ಒಂದು ಕ್ರೆಡಿಟ್ ಬೇಕಾದರೆ 30 ಗಂಟೆ. ವಾರಕ್ಕೆ ಎರಡು ಗಂಟೆ, 15 ವಾರ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿರುವುದೂ ಇದೇ ಲೆಕ್ಕ. ಅದಕ್ಕೂ ಮೊದಲೇ, 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನಮ್ಮ ರಾಜ್ಯದಲ್ಲಿ ತಂದಾಗ ಯೋಗ, ಕ್ರೀಡೆ, ಎನ್‌ಎಸ್‌ಎಸ್, ಸಾಂಸ್ಕೃತಿಕ ಚಟುವಟಿಕೆಗಳಿಗೆ ಒಂದೊಂದು ಕ್ರೆಡಿಟ್ ಹಂಚಿದ್ದು ನಿಮಗೆಲ್ಲ ಗೊತ್ತು. 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆವು, ಪಟ್ಟಿ ಬದಲಾಯಿತು. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯುನ 2022ರ ಸ್ಕೀಮಿನಲ್ಲಿ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನು ಓದಲೇಬೇಕು, ಆದರೆ ಕ್ರೆಡಿಟ್ ಸೊನ್ನೆ. ಸ್ಕೀಮು ಯಾವುದೇ ಇರಲಿ, ಪಾಠ ಮಾಡುವ ನಿಮ್ಮ ಕೈಗೆ ಬರುವುದು ವಾರಕ್ಕೆ ಎರಡು ಗಂಟೆ ಅಂತಿಟ್ಟುಕೊಂಡು ಮಾತಾಡುತ್ತೇನೆ.

ಆ ಎರಡು ಗಂಟೆಯಲ್ಲಿ ನಿಜವಾಗಿ ಎಷ್ಟು ಸಿಗುತ್ತದೆ? ಪೀರಿಯಡ್ಡು 55 ನಿಮಿಷದ್ದು. ಹಿಂದಿನ ಕ್ಲಾಸಿನಿಂದ ಮೈದಾನಕ್ಕೆ ಬರಲು ಐದು ನಿಮಿಷ, ಬಟ್ಟೆ ಬದಲಿಸಲು ಐದು, ಹಾಜರಿಗೆ ಐದು, ಕೊನೆಗೆ ಮುಖ ತೊಳೆದು ಮುಂದಿನ ಕ್ಲಾಸಿಗೆ ಓಡಲು ಐದು. ಉಳಿದದ್ದು 35. ಹೀಗೆ 30 ಗಂಟೆಯ ಕೋರ್ಸು ಮೈದಾನಕ್ಕೆ ಬರುವಷ್ಟರಲ್ಲಿ 17 ಗಂಟೆ ಚಿಲ್ಲರೆ ಆಗಿರುತ್ತದೆ. ಇಂಟರ್ನಲ್ಸ್ ವಾರ, ಕಾಲೇಜ್ ಡೇ ವಾರ, ಮಳೆ ಬಂದ ದಿನ ಕಳೆದರೆ ಇನ್ನೂ ಕಡಿಮೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ವೇಳಾಪಟ್ಟಿಯಲ್ಲಿ ಫಿಟ್ನೆಸ್, ನೃತ್ಯ, ಕಾರ್ಯಾನುಭವ (ಅಂದರೆ ಹೊರಗೆ ಹೋಗಿ ಕೆಲಸ ಕಲಿಯುವುದು) ಈ ಮೂರೂ ಕೋರ್ಸುಗಳು ಒಂದೇ ಸಾಲಿನಲ್ಲಿ ಇರುತ್ತವೆ, ಆದರೆ ಗಂಟೆ ಖರ್ಚಾಗುವ ರೀತಿ ಮೂರರಲ್ಲೂ ಬೇರೆ. ಫಿಟ್ನೆಸ್ಸಿಗೆ ಗಂಟೆಯನ್ನು ಒಡೆದು ವಾರವಿಡೀ ಹರಡಬೇಕು. ನೃತ್ಯಕ್ಕೆ ಎರಡು ಗಂಟೆ ಒಟ್ಟಿಗೆ ಬೇಕು. ಕಾರ್ಯಾನುಭವಕ್ಕೆ ತಿಂಗಳ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಗುಡ್ಡೆ ಹಾಕಬೇಕು. ಇದನ್ನು ಗಮನಿಸದೆ ಮೂರಕ್ಕೂ ಶನಿವಾರದ ಕೊನೆಯ ಎರಡು ಪೀರಿಯಡ್ ಕೊಟ್ಟರೆ ಮೂರೂ ಕೆಡುತ್ತವೆ.

ಫಿಟ್ನೆಸ್

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಬೇಕು ಅನ್ನುತ್ತದೆ. ನಮ್ಮ ಕ್ಲಾಸಿನಲ್ಲಿ ಸಿಗುವುದು 70 ನಿಮಿಷ. ಅಂದಮೇಲೆ ಈ ಕೋರ್ಸು ಯಾರನ್ನೂ ಕ್ಲಾಸಿನಲ್ಲೇ ಗಟ್ಟಿ ಮಾಡಲಾರದು. ಉಳಿದ 80 ನಿಮಿಷ ಏನು ಮಾಡಬೇಕು, ಹೇಗೆ ಮಾಡಬೇಕು ಅಂತ ಹೇಳಿಕೊಡುವುದೇ ಇಲ್ಲಿ ಪಾಠ. ಹಾಗಾಗಿ ಸೋಮವಾರ ಒಂದು ಗಂಟೆ, ಗುರುವಾರ ಒಂದು ಗಂಟೆ ಇಡಿ. ನಡುವೆ ಮನೆಯಲ್ಲಿ ಎರಡು ಸಲ 40 ನಿಮಿಷ, ಡೈರಿಯಲ್ಲಿ ಬರೆದುಕೊಂಡು ಬರಲಿ. ವಾರಕ್ಕೊಂದೇ ದಿನ ಎರಡು ಗಂಟೆ ದಂಡಿಸಿದರೆ ಮೂರು ದಿನ ಮೈಕೈ ನೋವು, ನಾಲ್ಕು ದಿನ ವಿಶ್ರಾಂತಿ, ಮತ್ತೆ ಮೊದಲಿನಿಂದ ಶುರು.

ಮೊದಲನೆಯ ವಾರ ಓಡಿಸಬೇಡಿ. ಒಂದು ಹಾಳೆಯಲ್ಲಿ ಏಳು ಪ್ರಶ್ನೆ ಕೊಡಿ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಾರ್-ಕ್ಯೂ ಪ್ರಶ್ನಾವಳಿ ಅದು: ಹೃದಯದ ತೊಂದರೆ ಇದೆ ಅಂತ ವೈದ್ಯರು ಹೇಳಿದ್ದಾರೆಯೇ, ಶ್ರಮ ಪಟ್ಟಾಗ ಎದೆನೋವು ಬರುತ್ತದೆಯೇ, ತಲೆಸುತ್ತಿ ಬಿದ್ದದ್ದುಂಟೇ, ಮೂಳೆ ಕೀಲಿನ ತೊಂದರೆ ಇದೆಯೇ, ಈ ಥರದ್ದು. ಒಂದಕ್ಕೆ ಹೌದು ಅಂದರೂ ವೈದ್ಯರ ಚೀಟಿ ಬರುವವರೆಗೆ ನಡಿಗೆ ಮಾತ್ರ. ಅಸ್ತಮಾ ಇರುವವರ ಇನ್ಹೇಲರ್ ಬ್ಯಾಗಿನಲ್ಲಲ್ಲ, ಮೈದಾನದಲ್ಲಿ ಕೈಗೆ ಸಿಗುವ ಕಡೆ ಇರಬೇಕು.

ರಕ್ತಹೀನತೆಯ ಮಾತು ಇಲ್ಲೇ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ನಿಮ್ಮ ಕ್ಲಾಸಿನಲ್ಲಿ ಎರಡು ಸುತ್ತಿಗೇ ಏದುಸಿರು ಬಿಟ್ಟು ಕೂರುವ ಹುಡುಗಿಯನ್ನು ಸೋಮಾರಿ ಅನ್ನುವ ಮೊದಲು ಈ ಸಂಖ್ಯೆ ನೆನಪಿರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿಕೊಂಡು ಸೆಮಿಸ್ಟರಿನ ಶುರುವಿನಲ್ಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ಅವರವರಿಗೆ ಮಾತ್ರ ಹೇಳಿ, ನೋಟಿಸ್ ಬೋರ್ಡಿಗೆ ಹಾಕಬೇಡಿ. ಹಾಗೆಯೇ ಸೆಮಿಸ್ಟರಿಗೆ ನಾಲ್ಕು ಸಲ ‘ಇವತ್ತು ಹಗುರ’ ಅಂತ ಯಾರು ಬೇಕಾದರೂ ಹೇಳಬಹುದು, ಕಾರಣ ಕೇಳುವಂತಿಲ್ಲ ಎಂಬ ನಿಯಮ ಮಾಡಿ. ಮುಟ್ಟಿನ ದಿನ ಅಂತ ಎಲ್ಲರೆದುರು ಹೇಳಬೇಕಾದ ಸಂಕಟ ತಪ್ಪುತ್ತದೆ.

ಆಮೇಲೆ ಮೊದಲ ಅಳತೆ. 12 ನಿಮಿಷ ಓಡಿಸಿ ದೂರ ಅಳೆಯುವ ಕೂಪರ್ ಪರೀಕ್ಷೆ ಎಲ್ಲರ ಬಾಯಲ್ಲೂ ಇದೆ. ಆದರೆ 400 ಮೀಟರಿನ ಟ್ರ್ಯಾಕು ಎಷ್ಟು ಕಾಲೇಜಿನಲ್ಲಿದೆ? ವಾಲಿಬಾಲ್ ಅಂಕಣದ ಸುತ್ತಳತೆ 54 ಮೀಟರ್, ಬಾಸ್ಕೆಟ್‌ಬಾಲಿನದು 86. ಇದರ ಸುತ್ತ 2000 ಮೀಟರ್ ಓಡಿದರೆ ಮೂಲೆಮೂಲೆಗೂ ತಿರುಗಿ ಮೊಣಕಾಲು ಉರಿಯುತ್ತದೆ, ಸುತ್ತಿನ ಎಣಿಕೆಯೂ ತಪ್ಪುತ್ತದೆ. ಜಾಗ ಇಲ್ಲದವರಿಗೆ ಮೆಟ್ಟಿಲು ಪರೀಕ್ಷೆಯೇ ವಾಸಿ. ಕ್ವೀನ್ಸ್ ಕಾಲೇಜ್ ವಿಧಾನದಲ್ಲಿ ಮಣೆಯ ಎತ್ತರ 41.3 ಸೆಂಟಿಮೀಟರ್, ಸಮಯ ಮೂರು ನಿಮಿಷ. ಹುಡುಗರು ನಿಮಿಷಕ್ಕೆ 24 ಸಲ, ಹುಡುಗಿಯರು 22 ಸಲ ಹತ್ತಿ ಇಳಿಯಬೇಕು. ಒಂದು ಸಲಕ್ಕೆ ನಾಲ್ಕು ಹೆಜ್ಜೆ: ಮೇಲೆ, ಮೇಲೆ, ಕೆಳಗೆ, ಕೆಳಗೆ. ಮೊಬೈಲಿನ ಮೆಟ್ರೋನೋಮನ್ನು ಹುಡುಗರಿಗೆ 96ಕ್ಕೆ, ಹುಡುಗಿಯರಿಗೆ 88ಕ್ಕೆ ಇಟ್ಟರೆ ಹೆಜ್ಜೆಗೊಂದು ಟಿಕ್ ಸಿಗುತ್ತದೆ. ಮುಗಿದ ಐದನೇ ಸೆಕೆಂಡಿನಿಂದ ಇಪ್ಪತ್ತನೇ ಸೆಕೆಂಡಿನವರೆಗೆ ನಿಂತುಕೊಂಡೇ ನಾಡಿ ಎಣಿಸಿ ನಾಲ್ಕರಿಂದ ಗುಣಿಸಬೇಕು. ಬಂದ ಸಂಖ್ಯೆ ಕಡಿಮೆ ಇದ್ದಷ್ಟೂ ಫಲಿತಾಂಶ ಒಳ್ಳೆಯದು.

ಇದರಲ್ಲಿ ತಪ್ಪಾಗುವುದು ಎರಡು ಕಡೆ. ಒಂದು, ಸ್ಟೇಜಿನ ಮೆಟ್ಟಿಲನ್ನೇ ಬಳಸುವುದು. ಅದರ ಎತ್ತರ 15ರಿಂದ 18 ಸೆಂಟಿಮೀಟರ್ ಇರುತ್ತದೆ, ಎಲ್ಲರೂ ಸಲೀಸಾಗಿ ಪಾಸು. ಬಡಗಿಗೆ ಹೇಳಿ ನಾಲ್ಕೈದು ಪೆಟ್ಟಿಗೆ ಮಾಡಿಸಿ, ತಳಕ್ಕೆ ರಬ್ಬರ್ ಹೊಡೆಸಿ. ಎರಡು, ನಾಡಿ ಹುಡುಕುವುದರಲ್ಲೇ ಅರ್ಧ ನಿಮಿಷ ಕಳೆಯುವುದು. ಶ್ರಮ ನಿಲ್ಲಿಸಿದ ತಕ್ಷಣ ನಾಡಿ ಇಳಿಯತೊಡಗುತ್ತದೆ, ಹುಡುಕುತ್ತ ಕೂತವನ ಫಲಿತಾಂಶ ಸುಮ್ಮನೆ ಚೆನ್ನಾಗಿ ಬರುತ್ತದೆ. ಹಿಂದಿನ ಕ್ಲಾಸಿನಲ್ಲೇ ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ನಾಡಿ ಎಣಿಸುವುದನ್ನು ಹತ್ತು ಸಲ ಮಾಡಿಸಿರಬೇಕು. ಹೆಬ್ಬೆರಳಿನಿಂದ ಹಿಡಿಯಬಾರದು, ಅದರದ್ದೇ ಮಿಡಿತ ಎಣಿಕೆಗೆ ಸೇರಿಬಿಡುತ್ತದೆ.

ತರಬೇತಿಯ ಕ್ರಮ ಸರಳ. ಎಂಟು ನಿಮಿಷ ಮೈ ಬಿಸಿ ಮಾಡುವುದು, 25 ನಿಮಿಷ ಕೆಲಸ, ಕೊನೆಗೆ ಐದು ನಿಮಿಷ ನಿಧಾನ ನಡಿಗೆ ಮತ್ತು ಸ್ನಾಯು ಎಳೆತ. ಮೂರು ಸೇರಿದರೆ 38 ನಿಮಿಷ, ಹಾಗಾಗಿ ಹಾಜರಿಯನ್ನು ಬೇರೆಯಾಗಿ ಕರೆಯದೆ ಮೈ ಬಿಸಿ ಮಾಡುವಾಗಲೇ ಹಾಕಿಕೊಳ್ಳಿ. ಮೊದಲ ವಾರಗಳಲ್ಲಿ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಹತ್ತನೇ ವಾರದ ಹೊತ್ತಿಗೆ ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಆರು ಸಲ. ಎರಡಕ್ಕೂ ತಗಲುವುದು 24 ನಿಮಿಷವೇ. ಓಡುವಾಗ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಸಂಖ್ಯೆ ಬೇಕೆನ್ನುವವರಿಗೆ, 220ರಲ್ಲಿ ವಯಸ್ಸು ಕಳೆದರೆ ನಿಮಿಷಕ್ಕೆ ನಾಡಿಯ ಮೇಲ್ಮಿತಿ ಸಿಗುತ್ತದೆ, 19 ವರ್ಷದವರಿಗೆ 201. ಅದರ ನೂರಕ್ಕೆ 60ರಿಂದ 75 ಅಂದರೆ ಸುಮಾರು 120ರಿಂದ 150. ಹತ್ತು ಸೆಕೆಂಡಿಗೆ 20ರಿಂದ 25 ಮಿಡಿತ. ಇದು ಅಂದಾಜಿನ ಸೂತ್ರ, ಅದನ್ನೇ ಶಾಸನ ಮಾಡಿಕೊಳ್ಳಬೇಡಿ.

ಗುರುವಾರ ಬಲದ ಕೆಲಸ. ಬಸ್ಕಿ, ದಂಡ, ಪ್ಲ್ಯಾಂಕು. ಬಸ್ಕಿಯಲ್ಲಿ ಮೊಣಕಾಲು ಒಳಕ್ಕೆ ವಾಲುತ್ತದೆ, ಹಿಮ್ಮಡಿ ಏಳುತ್ತದೆ. ಹಿಂದೆ ಒಂದು ಬೆಂಚಿಟ್ಟು ಅದಕ್ಕೆ ಕೂತು ಏಳಿ ಅಂದರೆ ಎರಡೂ ತಾನಾಗಿ ಸರಿಹೋಗುತ್ತವೆ. ದಂಡ ಹೊಡೆಯಲಾಗದವರು ಮಂಡಿಯೂರಿ ಮಾಡುವುದಕ್ಕಿಂತ ಗೋಡೆಗೆ, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ ಬರುವುದು ಒಳ್ಳೆಯದು, ಸೊಂಟ ಜೋಲುವುದಿಲ್ಲ. ಹತ್ತರಂತೆ ಮೂರು ಸುತ್ತು ಸಾಕು. ಮೊದಲ ದಿನವೇ 50 ಬಸ್ಕಿ ಹೊಡೆಸಿದರೆ ಮಾರನೇ ದಿನ ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ, ಮುಂದಿನ ಕ್ಲಾಸಿಗೆ ಅರ್ಧ ಜನ ನಾಪತ್ತೆ. ಇನ್ನೊಂದು: ಹಳ್ಳಿಯಿಂದ ಆರೂವರೆ ಬಸ್ಸಿಗೆ ಬರುವವರು ಏನೂ ತಿಂದಿರುವುದಿಲ್ಲ. ಬೆಳಗಿನ ಕ್ಲಾಸಿಗೆ ಮುಂಚೆ ಒಂದು ಬಾಳೆಹಣ್ಣು ಅನ್ನುವುದನ್ನೂ ಸಿಲಬಸ್ಸಿನ ಭಾಗ ಅಂದುಕೊಳ್ಳಿ. ಕಲಬುರಗಿ, ರಾಯಚೂರಿನ ಕಡೆಯವರು ಬೇಸಿಗೆಗೆ ಬೀಳುವ ಸೆಮಿಸ್ಟರಿನಲ್ಲಿ ಒಂಬತ್ತು ಗಂಟೆಯೊಳಗೆ ಮೈದಾನದಿಂದ ಆಚೆ ಬಂದಿರಬೇಕು.

ಅಂಕ ಕೊಡುವುದು ಹೇಗೆ? ಓಡಿದ ದೂರಕ್ಕೆ ಅಂಕ ಕೊಟ್ಟರೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವ ಹುಡುಗ ಏನೂ ಕಲಿಯದೆ ಪೂರ್ತಿ ಅಂಕ ತಗೊಳ್ಳುತ್ತಾನೆ. ಹಾಗಾದರೆ ಸುಧಾರಣೆಗೆ ಕೊಡೋಣ ಅಂದರೆ ಎರಡನೇ ಬ್ಯಾಚಿನ ಹೊತ್ತಿಗೆ ಸುದ್ದಿ ಹರಡಿ, ಮೊದಲ ಪರೀಕ್ಷೆಯಲ್ಲಿ ಎಲ್ಲರೂ ಕುಂಟಿಕೊಂಡೇ ಓಡುತ್ತಾರೆ. ಎರಡಕ್ಕೂ ಸೇರಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಡಬೇಡಿ. ದೊಡ್ಡ ಪಾಲು ಡೈರಿಗೆ ಮತ್ತು ಒಂದು ಪ್ರಶ್ನೆಗೆ: ‘ನಿಮ್ಮ ಮನೆಯಲ್ಲಿರುವ ಒಬ್ಬರಿಗೆ, ಅವರ ವಯಸ್ಸು ಕಾಯಿಲೆ ನೋಡಿ, ನಾಲ್ಕು ವಾರದ ಯೋಜನೆ ಬರೆಯಿರಿ.’ ಸಕ್ಕರೆ ಕಾಯಿಲೆಯ ತಾಯಿಗೋ ಮಂಡಿನೋವಿನ ಅಜ್ಜನಿಗೋ ಬರೆಯುವಾಗ ಕಲಿತದ್ದು ಎಷ್ಟು ಅಂತ ಗೊತ್ತಾಗುತ್ತದೆ. ಬರೆದದ್ದನ್ನು ಮನೆಯಲ್ಲಿ ಪ್ರಯೋಗ ಮಾಡುವ ಮುಂಚೆ ವೈದ್ಯರಿಗೆ ತೋರಿಸಲಿ ಅಂತಲೂ ಹೇಳಿ.

ನೃತ್ಯ

ವಿಶ್ವವಿದ್ಯಾಲಯದಲ್ಲಿ ನೃತ್ಯ ನಮಗೆ ಹೊಸದಲ್ಲ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ಶುರು ಮಾಡಿದಾಗ ಮೈಸೂರು ಶೈಲಿಯ ಭರತನಾಟ್ಯದ ಕೆ. ವೆಂಕಟಲಕ್ಷಮ್ಮನವರು ಅಲ್ಲಿ ರೀಡರ್ ಆಗಿ ಬಂದರು. ಈಗ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯವೇ ಇದೆ. ಆದರೆ ಅದು ನೃತ್ಯವನ್ನೇ ಓದಲು ಬಂದವರ ಮಾತು. ನಮ್ಮದು ಬಿ.ಕಾಂ. ಓದುತ್ತ ಒಂದು ಐಚ್ಛಿಕ ಅಂತ ಆರಿಸಿಕೊಂಡವರ ಕ್ಲಾಸು. 40 ಜನರಲ್ಲಿ ನಾಲ್ಕು ಜನ ಭರತನಾಟ್ಯದ ಸೀನಿಯರ್ ಪರೀಕ್ಷೆ ಮುಗಿಸಿರುತ್ತಾರೆ, ಹತ್ತು ಜನ ಸಿನಿಮಾ ಹಾಡಿಗೆ ಕುಣಿಯಲು ಬಂದಿರುತ್ತಾರೆ, ಉಳಿದವರು ಬೇರೆ ಐಚ್ಛಿಕದಲ್ಲಿ ಸೀಟು ಸಿಗದೆ ಬಂದವರು.

ಇಂಥ ಕ್ಲಾಸಿಗೆ ಭರತನಾಟ್ಯ ಹೇಳಿಕೊಡಬಹುದೇ ಅಂತ ಕೇಳುತ್ತೀರಿ. ಕೊಡಬಹುದು, ಆಸೆ ಕಡಿಮೆ ಇದ್ದರೆ. 30 ಗಂಟೆಯಲ್ಲಿ ತಟ್ಟಡವು, ನಾಟ್ಟಡವು ಎಂಬ ಮೊದಲ ಹೆಜ್ಜೆಗಳು, ಅವು ಕೂಡ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ. ಮೂರನೇ ಕಾಲಕ್ಕೆ ಹೋದರೆ ಹೆಜ್ಜೆಯ ಸ್ಪಷ್ಟತೆ ಹೋಗಿ ಬರೀ ಸದ್ದು ಉಳಿಯುತ್ತದೆ. ಅರಮಂಡಿ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂರುವ ಭಂಗಿ, ಮೊದಲ ವಾರ ಒಂದು ಸಲಕ್ಕೆ 20 ಸೆಕೆಂಡು ಸಾಕು, ವಾರವಾರ ಸ್ವಲ್ಪ ಏರಿಸಿ. ಇಲ್ಲಿ ಆಗುವ ಅಪಾಯ ಒಂದೇ, ಆದರೆ ದೊಡ್ಡದು: ಪಾದಗಳು ಒಂದೇ ಗೆರೆಗೆ ಬರಬೇಕು ಅಂತ ಹಟ ಹಿಡಿಯುವುದು. ಕಾಲು ಹೊರಕ್ಕೆ ತಿರುಗುವುದು ತೊಡೆಯ ಬುಡದಿಂದ. ಅಲ್ಲಿ ತಿರುಗದಿದ್ದದ್ದನ್ನು ಪಾದದಲ್ಲಿ ತಿರುಗಿಸಿದರೆ ತಿರುಚಿಕೊಳ್ಳುವುದು ಮಂಡಿ. ಒಳಮಂಡಿಯಲ್ಲಿ ನೋವು ಅಂತ ಬಂದವರನ್ನು ನೋಡಿ, ಮಂಡಿಚಿಪ್ಪು ಒಂದು ದಿಕ್ಕಿಗೆ, ಹೆಬ್ಬೆರಳು ಇನ್ನೊಂದು ದಿಕ್ಕಿಗೆ ಇರುತ್ತದೆ. ಚಿಪ್ಪು ಎಲ್ಲಿಗೆ ತಿರುಗುತ್ತದೋ ಪಾದವೂ ಅಲ್ಲಿಗೇ, ಅಷ್ಟೇ ನಿಯಮ. ಹತ್ತೊಂಬತ್ತರ ವಯಸ್ಸಿನಲ್ಲಿ ಮೊದಲ ಸಲ ಕೂರುವವರಿಗೆ ಏಳು ವರ್ಷದ ಮಗುವಿನ ಅರಮಂಡಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ನೆಲದ ವಿಷಯ ಯಾರೂ ಯೋಚಿಸುವುದಿಲ್ಲ. ಸೆಮಿನಾರ್ ಹಾಲಿನ ಕಾಂಕ್ರೀಟ್ ಮೇಲೆ ಟೈಲ್ಸು, ಬರಿಗಾಲು, ಗಂಟೆಗಟ್ಟಲೆ ತಟ್ಟುವುದು. ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ ಮುಂಗಾಲ ಮೂಳೆಯ ಉದ್ದಕ್ಕೂ ನೋವು. ಅದನ್ನು ಲೆಕ್ಕಿಸದೆ ಮುಂದುವರಿದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬರಬಹುದು. ಕಾರ್ಪೆಟ್ ಹಾಸಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಅದು ಇನ್ನೊಂದು ತಪ್ಪು, ತಿರುಗುವಾಗ ಪಾದ ಅಂಟಿಕೊಂಡು ಮಂಡಿ ತಿರುಚುತ್ತದೆ. ಮರದ ಹಲಗೆಯ ಸ್ಟೇಜು, ಕೆಳಗೆ ಟೊಳ್ಳಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ತಟ್ಟುವ ಕೆಲಸವನ್ನು ಒಂದು ಕ್ಲಾಸಿನಲ್ಲಿ 20 ನಿಮಿಷಕ್ಕೆ ಮುಗಿಸಿ, ಉಳಿದ ಹೊತ್ತು ಹಸ್ತ, ದೃಷ್ಟಿ, ತಾಳಕ್ಕೆ ಕೊಡಿ.

ಆದರೆ ನನ್ನನ್ನು ಕೇಳಿದರೆ, 40 ಜನ, ಒಂದು ಸೆಮಿಸ್ಟರು, ಮೊದಲ ಪರಿಚಯ ಅಂದಾಗ ಕೋಲಾಟಕ್ಕೆ ಸಮನಾದದ್ದಿಲ್ಲ. ಖರ್ಚು ಎರಡು ಕೋಲು. ಹೆಬ್ಬೆರಳ ದಪ್ಪ, ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಸಿಬಿರು ಇಲ್ಲದಂತೆ ಉಜ್ಜಿದ ಗಟ್ಟಿ ಮರ. ಮೊದಲ ಎರಡು ಕ್ಲಾಸು ಕೋಲು ಕೊಡಬೇಡಿ. ಎಂಟು ಎಣಿಕೆಗೆ ಹೆಜ್ಜೆ, ಚಪ್ಪಾಳೆ, ಅಷ್ಟೇ. ಒಳಸುತ್ತು, ಹೊರಸುತ್ತು, ಎದುರುಬದುರು 20 ಜೋಡಿ. ಒಂದರಲ್ಲಿ ತನ್ನ ಕೋಲಿಗೆ ತನ್ನದೇ ಕೋಲು, ಎರಡರಲ್ಲಿ ಎದುರಿನವರ ಬಲಗೋಲಿಗೆ ತನ್ನ ಬಲಗೋಲು, ಮೂರರಲ್ಲಿ ಮತ್ತೆ ತನ್ನದು, ನಾಲ್ಕರಲ್ಲಿ ಎಡಕ್ಕೆ ಎಡ. ಐದರಿಂದ ಎಂಟರೊಳಗೆ ಹೊರಸುತ್ತಿನವರು ಒಂದು ಜಾಗ ಬಲಕ್ಕೆ ಸರಿದು ಹೊಸ ಜೋಡಿ. ಹೀಗೆ 20 ಸಲ ಆದರೆ ಮೊದಲಿನ ಜೋಡಿಗೆ ಬಂದು ನಿಲ್ಲಬೇಕು. ಬರದಿದ್ದರೆ ಎಲ್ಲೋ ಒಬ್ಬರು ಸರಿದಿಲ್ಲ ಅಥವಾ ಎರಡು ಜಾಗ ಸರಿದಿದ್ದಾರೆ. ತಪ್ಪು ಯಾರದ್ದು ಅಂತ ಮೇಷ್ಟ್ರು ಹುಡುಕಬೇಕಾಗಿಲ್ಲ, ಸುತ್ತೇ ಹೇಳುತ್ತದೆ.

ಕೋಲನ್ನು ಮುಷ್ಟಿಯಲ್ಲಿ ಬಿಗಿದು ಹಿಡಿದರೆ ಮಣಿಕಟ್ಟು ಸೋಲುತ್ತದೆ, ಪೆಟ್ಟಿನ ನಾದವೂ ಸತ್ತುಹೋಗುತ್ತದೆ. ಬುಡದಿಂದ ನಾಲ್ಕು ಬೆರಳು ಬಿಟ್ಟು ಸಡಿಲವಾಗಿ ಹಿಡಿಯಬೇಕು. ಪೆಟ್ಟು ಬೀಳುವುದು ಎದೆಯ ಮಟ್ಟದಲ್ಲಿ, ಮುಖದ ಮಟ್ಟದಲ್ಲಲ್ಲ. ವೇಗ ಏರಿದಂತೆ ಕೈ ತಾನಾಗಿ ಮೇಲೇರುತ್ತದೆ, ಕಣ್ಣಿಗೆ ಏಟಾಗುವುದು ಆಗಲೇ. ಹಾಗಾಗಿ ಕೈ ಮೇಲೇರಿತು ಅಂದ ಕೂಡಲೇ ವೇಗ ಇಳಿಸಿ. ಬಳೆ, ವಾಚು ತೆಗೆಸಿ. ಸೆಮಿಸ್ಟರಿನ ಕೊನೆಗೆ ಜಡೆಕೋಲಾಟ ಇಟ್ಟುಕೊಳ್ಳಬಹುದು. ಮೇಲಿನಿಂದ ಇಳಿಬಿಟ್ಟ ಹಗ್ಗ ಅಥವಾ ಬಣ್ಣದ ಪಟ್ಟಿಯ ತುದಿ ಒಬ್ಬೊಬ್ಬರ ಕೈಯಲ್ಲಿ. ಎಂಟು ಜನವಾದರೆ ನಾಲ್ವರು ಬಲಸುತ್ತು, ನಾಲ್ವರು ಎಡಸುತ್ತು, ಎದುರಾದವರನ್ನು ಒಂದು ಸಲ ಒಳಗಿನಿಂದ, ಮರುಸಲ ಹೊರಗಿನಿಂದ ದಾಟುತ್ತ ಹೋದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ಹೆಜ್ಜೆಯನ್ನು ಹಿಂದುಮುಂದಾಗಿ ಇಟ್ಟರೆ ಬಿಚ್ಚಿಕೊಳ್ಳುತ್ತದೆ. ಹೆಣೆಯುವಾಗ ಒಬ್ಬರು ಒಳಗಿನ ಬದಲು ಹೊರಗೆ ದಾಟಿದ್ದು ಆ ಹೊತ್ತಿಗೆ ಕಾಣುವುದಿಲ್ಲ, ಬಿಚ್ಚುವಾಗ ಗಂಟಾಗಿ ಎದುರಾಗುತ್ತದೆ. ಗಣಿತದ ಮೇಷ್ಟ್ರನ್ನು ಕರೆದು ತೋರಿಸಿ, ಅವರಿಗೊಂದು ಕ್ಲಾಸಿಗಾಗುವಷ್ಟು ವಿಷಯ ಸಿಗುತ್ತದೆ.

ಕಂಸಾಳೆ, ಡೊಳ್ಳು, ವೀರಗಾಸೆ ಬೇಕು ಅನ್ನುವವರಿಗೆ ಒಂದು ಮಾತು. ಕಂಸಾಳೆ ಮಲೆ ಮಹದೇಶ್ವರನ ದೀಕ್ಷೆ ಪಡೆದವರ ಕೈಯ ವಾದ್ಯ, ಡೊಳ್ಳು ಬೀರಲಿಂಗೇಶ್ವರನ ಆರಾಧನೆಯ ಜೊತೆ ಬೆಳೆದದ್ದು. ಕಲಿಯಬಾರದು ಅನ್ನುತ್ತಿಲ್ಲ. ಯೂಟ್ಯೂಬ್ ನೋಡಿ ಕಲಿಸಬೇಡಿ, ನಿಮ್ಮ ತಾಲ್ಲೂಕಿನಲ್ಲೇ ಇರುವ ಕಲಾವಿದರನ್ನು ಕರೆಸಿ. ಗೌರವಧನವನ್ನು ಸೆಮಿಸ್ಟರಿನ ಶುರುವಿನಲ್ಲೇ ಮಂಜೂರು ಮಾಡಿಸಿಟ್ಟುಕೊಳ್ಳಿ, ಶಾಲು ಹಾರದಲ್ಲಿ ಮುಗಿಸುವುದು ಬೇಡ. ಡೊಳ್ಳು ಹೆಗಲಿಗೆ ಭಾರ, ಮೊದಲ ದಿನ ಐದೈದು ನಿಮಿಷಕ್ಕೆ ಬಾರಿಸುವವರನ್ನು ಬದಲಿಸಿ. ಸೊಂಟ ಮುಂದಕ್ಕೆ ತಳ್ಳಿ ಬೆನ್ನು ಬಾಗಿಸಿಕೊಂಡು ಬಾರಿಸುವವರಿಗೆ ಮಾರನೇ ದಿನ ಏಳಲಾಗುವುದಿಲ್ಲ.

ನೃತ್ಯದ ಕೋರ್ಸನ್ನು ನುಂಗುವುದು ಕಾಲೇಜ್ ಡೇ. ಪ್ರಿನ್ಸಿಪಾಲರು ‘ನಿಮ್ಮ ಐಚ್ಛಿಕದವರಿಂದ ಒಂದು ಐಟಂ ಕೊಡಿಸಿ’ ಅನ್ನುತ್ತಾರೆ. ಅಲ್ಲಿಂದ ನಾಲ್ಕು ವಾರ ಒಂದೇ ಹಾಡು. ಬರುವ ಎಂಟು ಜನ ಮುಂದಿನ ಸಾಲಿಗೆ, ಬಾರದವರು ಹಿಂದೆ ಕೈ ಬೀಸಲು, ಇನ್ನೂ ಬಾರದವರು ಕುರ್ಚಿ ಹಾಕಲು. ಕಲಿಯಬೇಕಾದವರಿಗೇ ಕಲಿಯುವ ಗಂಟೆ ತಪ್ಪಿತು. ಐಟಂ ಕೊಡಿ, ಆದರೆ ರಿಹರ್ಸಲ್ಲು ಕ್ಲಾಸಿನ ಹೊರಗೆ. ಅಂಕಕ್ಕೂ ಅದಕ್ಕೂ ಸಂಬಂಧ ಬೇಡ. ಪರೀಕ್ಷೆಗೆ ನಾನು ಸೂಚಿಸುವುದು ಎರಡು: ತಾಳ ಕೇಳುತ್ತ ಕುಣಿಯುವಾಗ ಸದ್ದು ನಿಲ್ಲಿಸಿಬಿಡಿ, 16 ಎಣಿಕೆಯಾದ ಮೇಲೆ ಮತ್ತೆ ಹಾಕಿ, ಹೆಜ್ಜೆ ಅಲ್ಲೇ ಇದೆಯೇ ನೋಡಿ. ಇನ್ನೊಂದು, ಗೊತ್ತಿಲ್ಲದ ಇಬ್ಬರಿಗೆ ಐದು ನಿಮಿಷದಲ್ಲಿ ಒಂದು ವರಸೆ ಹೇಳಿಕೊಡಲಿ. ಅಂದಚೆಂದಕ್ಕೆ ಅಂಕ ಕೊಡುವ ಗೊಡವೆ ಇವೆರಡರಲ್ಲೂ ಇಲ್ಲ.

ಕಾರ್ಯಾನುಭವ

ಕಾರ್ಯಾನುಭವ ಹಳೆಯ ಕನಸು. 1937ರ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಸುತ್ತ ಶಿಕ್ಷಣ ಕಟ್ಟಬೇಕು ಅಂದರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಕ್ಷಣದ ಅವಿಭಾಜ್ಯ ಅಂಗ ಅಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯಿಂದ ‘ಸಮಾಜಕ್ಕೆ ಉಪಯುಕ್ತವಾದ ಉತ್ಪಾದಕ ಕೆಲಸ’, ಅಂದರೆ ಎಸ್‌ಯುಪಿಡಬ್ಲ್ಯು ಬಂತು. ಶಾಲೆಯಲ್ಲಿ ಅದು ಹೂಕುಂಡಕ್ಕೆ ನೀರು ಹಾಕುವ, ಗ್ರೀಟಿಂಗ್ ಕಾರ್ಡ್ ಅಂಟಿಸುವ ಪೀರಿಯಡ್ಡಾಗಿ ಮುಗಿದದ್ದು ಬೇರೆ ಮಾತು. ಈಗ ಕಾಲೇಜಿನಲ್ಲಿ ಅದರ ಹೆಸರು ಇಂಟರ್ನ್‌ಶಿಪ್. ಯುಜಿಸಿ ಚೌಕಟ್ಟಿನಲ್ಲಿ ಎರಡರಿಂದ ನಾಲ್ಕು ಕ್ರೆಡಿಟ್, ಅಂದರೆ 60ರಿಂದ 120 ಗಂಟೆ.

ಈ ಗಂಟೆ ಯಾವಾಗ ಅನ್ನುವುದೇ ಇಲ್ಲಿ ಎಲ್ಲ. ಬಿ.ಕಾಂ. ವಿದ್ಯಾರ್ಥಿನಿಯನ್ನು ತೆರಿಗೆ ಸಲಹೆಗಾರರ ಕಚೇರಿಗೆ 15 ದಿನ ಕಳಿಸುತ್ತೀರಿ ಅನ್ನಿ. ತಿಂಗಳ ತಿಂಗಳ ಜಿಎಸ್‌ಟಿ ಕಟ್ಟುವ ವ್ಯಾಪಾರಿಯ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1ಕ್ಕೆ ಮರುತಿಂಗಳ 11 ಕೊನೆಯ ದಿನ. 14ಕ್ಕೆ ಅವನ ಖರೀದಿಗೆ ಸಿಗುವ ತೆರಿಗೆ ಜಮೆಯ ಪಟ್ಟಿ ಜಿಎಸ್‌ಟಿಆರ್-2ಬಿ ತಯಾರಾಗುತ್ತದೆ. 20ಕ್ಕೆ ತೆರಿಗೆ ಕಟ್ಟಿ ಸಲ್ಲಿಸುವ ಜಿಎಸ್‌ಟಿಆರ್-3ಬಿ. ಆರನೇ ತಾರೀಖಿನಿಂದ 20ರವರೆಗೆ ಕೂತವಳು ಬಿಲ್ಲು ಜೋಡಿಸುವುದು, ಖರೀದಿ ಪುಸ್ತಕವನ್ನು 2ಬಿ ಜೊತೆ ತಾಳೆ ನೋಡುವುದು, ತಾಳೆಯಾಗದ ಬಿಲ್ಲಿಗೆ ಮಾರಿದವನಿಗೆ ಫೋನು ಹಚ್ಚುವುದು, ತೆರಿಗೆ ಕಟ್ಟುವುದು ಎಲ್ಲ ನೋಡುತ್ತಾಳೆ. 21ಕ್ಕೆ ಹೋದವಳು ಫೈಲಿನ ಧೂಳು ಒರೆಸಿ ವಾಪಸ್ಸು ಬರುತ್ತಾಳೆ. ಗಂಟೆ ಇಬ್ಬರದೂ ಒಂದೇ.

ಹಳ್ಳಿಯ ವಿದ್ಯಾರ್ಥಿಗಳಿಗೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕಾಲೇಜಿಗೆ ಹೊರಡುವ ಮೊದಲೇ ಎರಡು ಗಂಟೆ ಕೆಲಸ, ಬಸ್ ಖರ್ಚಿಲ್ಲ. 30 ಬೆಳಗ್ಗೆ ಅಂದರೆ 60 ಗಂಟೆ, ಎರಡು ಕ್ರೆಡಿಟ್. ಮೊದಲ ವಾರ ಪರೀಕ್ಷಕರ ಪಕ್ಕ ನಿಲ್ಲಲಿ. ಹಾಲನ್ನು ಕಲಕದೆ ಮೇಲಿನಿಂದ ಸ್ಯಾಂಪಲ್ ತೆಗೆದರೆ ಕೊಬ್ಬು ಹೆಚ್ಚು ಬರುತ್ತದೆ, ಯಾಕೆಂದರೆ ಕೆನೆ ಮೇಲೇರಿರುತ್ತದೆ. ಆಗತಾನೇ ಕರೆದ ಬೆಚ್ಚನೆ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗಿ ಡಿಗ್ರಿ ಕಡಿಮೆ ತೋರುತ್ತದೆ, ತಾಪಮಾನ ನೋಡಿ ಸರಿಪಡಿಸಬೇಕು. ಹೀಗೆ ಸರಿಪಡಿಸಿದ ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿ, ಕೊಬ್ಬಿನ ಕಾಲುಭಾಗ ಕೂಡಿಸಿ, 0.44 ಸೇರಿಸಿದರೆ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ. 28 ಡಿಗ್ರಿ, 3.8 ಕೊಬ್ಬು ಇದ್ದರೆ 7, 0.95, 0.44 ಕೂಡಿ 8.39. ಅದೇ 25 ಡಿಗ್ರಿ, 3.4 ಕೊಬ್ಬು ಆದರೆ 7.54. ಎರಡನೆಯದಕ್ಕೆ ನೀರು ಸೇರಿದೆಯೇ ಅನ್ನುವ ಅನುಮಾನ ಬರುತ್ತದೆ. ಈಗ ಯಂತ್ರವೇ ಅಂಕಿ ಕೊಡುತ್ತದೆ, ನಿಜ. ಆದರೆ ಯಂತ್ರದ ಅಂಕಿಯನ್ನು ಕೈಲೆಕ್ಕದ ಜೊತೆ ಹೋಲಿಸಿ ನೋಡಿದವರು ಮಾತ್ರ ‘ನನ್ನ ಹಾಲಿಗೆ ಯಾಕೆ ಕಡಿಮೆ ಬಂತು’ ಅಂತ ಕೇಳುವ ರೈತನಿಗೆ ಉತ್ತರ ಹೇಳಬಲ್ಲರು. ಆಮೇಲೆ ಲೆಕ್ಕ: ಸದಸ್ಯರ ಪಾಸ್‌ಬುಕ್ಕು, ಸ್ಥಳೀಯ ಮಾರಾಟ, ಪಶು ಆಹಾರದ ಕಡಿತ, ಬಟವಾಡೆ. ಕನಿಷ್ಠ ಎರಡು ಬಟವಾಡೆ ನೋಡುವಂತೆ ದಿನ ಹೊಂದಿಸಿ.

ಬಿ.ಎ.ಯವರಿಗೆ ಗ್ರಾಮ ಪಂಚಾಯಿತಿ. ಗ್ರಾಮಸಭೆಗೆ ಮುಂಚಿನ ಎರಡು ವಾರ ಮತ್ತು ನಂತರದ ಒಂದು ವಾರ ಹೋಗಲಿ, ನಡವಳಿ ಬರೆಯುವುದನ್ನು ನೋಡಲಿ. ಬಿ.ಎಸ್ಸಿ.ಯವರಿಗೆ ಮಣ್ಣು ಪರೀಕ್ಷಾ ಕೇಂದ್ರ. ಇನ್ನು ಸಂಜೆ ಬಟ್ಟೆ ಅಂಗಡಿಯಲ್ಲೋ ಮೆಡಿಕಲ್ ಸ್ಟೋರಿನಲ್ಲೋ ಈಗಾಗಲೇ ದುಡಿಯುತ್ತಿರುವ ಹುಡುಗರಿದ್ದಾರಲ್ಲ, ಅವರ ಕೆಲಸ ಲೆಕ್ಕಕ್ಕೆ ಬರುತ್ತದೆಯೇ? ಬರಬೇಕು ಅನ್ನುವವನು ನಾನು. ಆದರೆ ಇದುವರೆಗೆ ಮಾಡದ ಒಂದು ಕೆಲಸ ಸೇರಬೇಕು. ಸೀರೆ ಮಡಚುವವನು ಸ್ಟಾಕ್ ಪುಸ್ತಕ ಬರೆಯಲಿ, ಔಷಧಿ ಎತ್ತಿಕೊಡುವವನು ಅವಧಿ ಮುಗಿಯುವ ಔಷಧಿಗಳ ಪಟ್ಟಿ ಮಾಡಿ ವಾಪಸ್ ಕಳಿಸುವ ಕ್ರಮ ಕಲಿಯಲಿ. ಮಾಲೀಕರ ಜೊತೆ ಒಂದು ಹಾಳೆಯ ಒಪ್ಪಂದ ಮಾಡಿಕೊಂಡರೆ ಸಾಕು.

ಕಳಿಸುವ ಮುಂಚೆ ಸುರಕ್ಷತೆಯ ಮಾತಾಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಸಂಬಳ ಇಲ್ಲದ ತರಬೇತಿಯವರಿಗೂ ಅನ್ವಯಿಸುತ್ತದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಆಂತರಿಕ ಸಮಿತಿ ಇರುವುದಿಲ್ಲ, ಆಗ ದೂರು ಕೊಡಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ನಾವು ಕಳಿಸುವ ಜಾಗಗಳು ಬಹುಪಾಲು ಇಂಥ ಸಣ್ಣವೇ, ಆದ್ದರಿಂದ ಆ ಸಮಿತಿಯ ವಿಳಾಸ, ಫೋನು ವಿದ್ಯಾರ್ಥಿನಿಯರ ಕೈಯಲ್ಲಿ ಮೊದಲೇ ಇರಲಿ. ವಾರಕ್ಕೊಮ್ಮೆ ಅಧ್ಯಾಪಕರು ಫೋನು ಮಾಡಬೇಕು, ಒಮ್ಮೆಯಾದರೂ ಹೇಳದೆ ಹೋಗಿ ನೋಡಬೇಕು.

ದಿನಚರಿ ಪುಸ್ತಕದಲ್ಲಿ ‘ಕಚೇರಿ ಕೆಲಸದಲ್ಲಿ ಸಹಾಯ ಮಾಡಿದೆನು’ ಅಂತ ಹತ್ತು ದಿನ ಬರೆದಿದ್ದರೆ ಅದು ಒಂದೇ ದಿನ ಕೂತು ಬರೆದದ್ದು. ದಿನಕ್ಕೆ ನಾಲ್ಕು ಸಾಲು ಸಾಕು: ಮಾಡಿದ ಕೆಲಸ, ಅದರಲ್ಲಿ ಬಂದ ಒಂದು ಅಂಕಿ, ಕಲಿಸಿದವರು ಯಾರು, ಅರ್ಥವಾಗದೆ ಉಳಿದದ್ದು ಏನು. ಈ ನಾಲ್ಕನೇ ಸಾಲು ನಕಲು ಮಾಡಲು ಬಹಳ ಕಷ್ಟ.

ಪ್ರಮಾಣಪತ್ರದ ವ್ಯಾಪಾರ ನಿಮಗೆ ಗೊತ್ತೇ ಇದೆ. ದುಡ್ಡು ಕಟ್ಟಿದರೆ ಆನ್‌ಲೈನಿನಲ್ಲಿ ಹೊಳೆಯುವ ಕಾಗದ ಬರುತ್ತದೆ, ಸೀಲು ಸಹಿತ. ಸೀಲು ಪರೀಕ್ಷಿಸುತ್ತ ಕೂರಬೇಡಿ. ಕೆಲಸ ಮಾಡಿದ ಜಾಗದಲ್ಲಿ ದಿನವೂ ಬಳಸುವ ಒಂದು ಖಾಲಿ ಫಾರಂ ತನ್ನಿ ಅಂತ ಮೊದಲೇ ಹೇಳಿರಿ. ವೈವಾದಲ್ಲಿ ಅದನ್ನು ಎದುರಿಗಿಟ್ಟು, ತುಂಬಿಸಿ ತೋರಿಸಿ ಅನ್ನಿ. ಬಟವಾಡೆ ಹಾಳೆಯೋ, ಸ್ಟಾಕ್ ಪಟ್ಟಿಯೋ, ನಡವಳಿಯೋ, ಹತ್ತು ನಿಮಿಷ ಸಾಕು. ತುಂಬಲು ಬಾರದವರಿಗೆ ಸೊನ್ನೆ ಹಾಕಿ ಕಳಿಸುವುದು ಸುಲಭ. ಅದಕ್ಕಿಂತ ಫಲಿತಾಂಶ ತಡೆಹಿಡಿದು, ರಜೆಯಲ್ಲಿ ಇಂಥ ಜಾಗದಲ್ಲಿ ಇಷ್ಟು ಗಂಟೆ ಅಂತ ನೀವೇ ಗೊತ್ತುಮಾಡಿ ಕಳಿಸಿ. ಹಾಗೆ ತಡೆಹಿಡಿಯಲು ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಅವಕಾಶ ಇದೆಯೇ ಅಂತ ಸೆಮಿಸ್ಟರಿನ ಶುರುವಿನಲ್ಲೇ ಪರೀಕ್ಷಾ ವಿಭಾಗವನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತಗೊಂಡಿರಿ.